ಎರಡು ಸಲ ಹೊಡೆದೆ

ಹೇಳಿಕೆ ಕೊಡುತ್ತಿರುವವನು ಊರಿನವರ ಬಾಯಲ್ಲಿ ವ್ಯಾಕರಣದ ಮೇಷ್ಟ್ರು, ವಯಸ್ಸು ಐವತ್ತನಾಲ್ಕು, ಉದ್ಯೋಗ ಪದವಿ ಕಾಲೇಜಿನಲ್ಲಿ ಭಾಷಾ ಅಧ್ಯಾಪಕ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎಡಕ್ಕೆ ನಾಲ್ಕನೆಯ ಮನೆ, ಹಸಿರು ಗೇಟು. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ನಡೆದುಬಂದು ಈ ಮೂಲಕ ತಿಳಿಸುವುದೂ ತಿದ್ದುವುದೂ ಏನೆಂದರೆ:

ಈ ತಿಂಗಳ 9ನೇ ತಾರೀಕು ಭಾನುವಾರ ಬೆಳಿಗ್ಗೆ, ನಿಸರ್ಗ ಉದ್ಯಾನದ ಒಳರಸ್ತೆಯ 17ನೇ ಕಿಲೋಮೀಟರಿನ ಹತ್ತಿರ, ಸಸಿ ಸಾಗಿಸುವ ಪಿಕಪ್ ಗಾಡಿಯ ಚಾಲಕನ ತಲೆಗೆ ಏಟು ಬಿತ್ತು. 12ನೇ ತಾರೀಕು ಬುಧವಾರ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಆ ಏಟಿಗಾಗಿ ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಬಾಮೈದ, ವಯಸ್ಸು ನಲವತ್ತೊಂದು, ವೆಲ್ಡಿಂಗ್ ಕೆಲಸ, ಇದೇ ಠಾಣೆಯ ಲಾಕಪ್ಪಿನಲ್ಲಿದ್ದಾನೆ. ಅವನ ಮೇಲಿರುವ ಮುಖ್ಯ ಸಾಕ್ಷ್ಯ ಉದ್ಯಾನದ ಕಾವಲುಗಾರರ ಪುಸ್ತಕದ ಒಂದು ಸಾಲು. ಆ ಸಾಲನ್ನು ಹೇಳಿದವನು ನಾನು. ಅದರಲ್ಲಿ ನಾನು ಹೇಳದ ಒಂದು ಪದ ಸೇರಿಕೊಂಡಿದೆ, ಹೇಳಬೇಕಾಗಿದ್ದ ಒಂದು ಪದ ಬಿಟ್ಟುಹೋಗಿದೆ. ಮೂವತ್ತು ವರ್ಷ ಪರರ ವಾಕ್ಯ ತಿದ್ದಿ ಸಂಬಳ ತಿಂದವನು ನನ್ನ ಸ್ವಂತ ವಾಕ್ಯವನ್ನು ಐದು ದಿನ ತಿದ್ದದೆ ಬಿಟ್ಟಿದ್ದೇನೆ.

ಬರೆದುಕೊಳ್ಳುತ್ತಿರುವ ಪೇದೆಯವರು ಮೊದಲೇ ಎಚ್ಚರಿಸಿದ್ದಾರೆ: ಹಾಸ್ಯ ಬೇಡ, ಪದದ ಹುಟ್ಟು ಬೆಳವಣಿಗೆ ಬೇಡ, ಆದದ್ದನ್ನು ಆದ ಹೊತ್ತಿನೊಂದಿಗೆ ಹೇಳಿ ಸಾರ್ ಎಂದು. ಒಪ್ಪಿದ್ದೇನೆ. ಅಭ್ಯಾಸಬಲದಿಂದ ಒಂದೆರಡು ನುಸುಳಿದರೆ ಹೊಡೆದುಹಾಕಲು ನನ್ನ ಅಭ್ಯಂತರವಿಲ್ಲ.

ಭಾನುವಾರ ಬೆಳಿಗ್ಗೆ 5.50ಕ್ಕೆ ಬಾಮೈದ ಸೈಕಲ್ಲಿನಲ್ಲಿ ನಮ್ಮ ಗೇಟಿಗೆ ಬಂದ. ನನ್ನ ಹಿಂದಿನ ಚಕ್ರವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಭಾವ, ಇದೇನು ಚಕ್ರವೋ ಇಡ್ಲಿಯೋ, ಇದರ ಮೇಲೆ ಕೂತರೆ ನೀವು ಮುಂದಕ್ಕೆ ಹೋಗಲ್ಲ, ಕೆಳಕ್ಕೆ ಹೋಗ್ತೀರಿ ಎಂದ. ಹೊಡಿ ಗಾಳಿ ಎಂದೆ. ನೀವು ಬರೀ ಹೊಡಿ ಅನ್ನೋದು, ಹೊಡೆಯೋದು ನಾನು ಎಂದ. ಹದಿನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ನಮ್ಮಿಬ್ಬರ ನಡುವೆ ಇದೇ ಮಾತು. ನಮ್ಮ ಭಾಷೆಯಲ್ಲಿ ಹೊಡೆಯದೆ ಸೈಕಲ್ಲು ಒಂದು ಗೇಣೂ ಮುಂದೆ ಸರಿಯುವುದಿಲ್ಲ: ಗಾಳಿ ಹೊಡಿ, ಬೆಲ್ ಹೊಡಿ, ಬ್ರೇಕ್ ಹೊಡಿ, ಕೊನೆಗೆ ಒಂದು ಟೀ ಹೊಡಿ.

ಅವನು ಗಾಳಿ ಹೊಡೆದ ಪಂಪು ಅಂಗಡಿಯದಲ್ಲ. ಅವನೇ ತನ್ನ ಶೆಡ್ಡಿನಲ್ಲಿ ದಪ್ಪ ಕಬ್ಬಿಣದ ಕೊಳವೆಗೆ ಹಿಡಿ ಬೆಸೆದು ಮಾಡಿಕೊಂಡದ್ದು. ಉದ್ದ 46 ಸೆಂಟಿಮೀಟರ್. ಅದರ ತೂಕ 1 ಕಿಲೋ 400 ಗ್ರಾಂ ಎಂದು ಈಗ ಠಾಣೆಯ ಚೀಟಿಯಲ್ಲಿದೆ. ಇದನ್ನು ಹೊತ್ತುಕೊಂಡು ಹೋಗುವ ಬದಲು ಪಂಚರ್ ಅಂಗಡಿಯನ್ನೇ ಹೊತ್ತುಕೊಂಡು ಹೋಗಬಹುದು ಎಂದು ನಾನು ಅವನನ್ನು ಗೇಲಿ ಮಾಡುತ್ತಿದ್ದೆ.

6.40ಕ್ಕೆ, ಹನ್ನೊಂದು ಕಿಲೋಮೀಟರ್ ತುಳಿದು, ಉದ್ಯಾನದ ಗೇಟು ತಲುಪಿದೆವು. ನಮ್ಮ ಮೂರನೆಯ ಜೊತೆಗಾರ್ತಿ, ಹಲ್ಲಿನ ಡಾಕ್ಟರು, ವಯಸ್ಸು ನಲವತ್ತೇಳು, ಆಗಲೇ ಅಲ್ಲಿದ್ದರು. ಗೇಟಿನಲ್ಲಿ ಕಾವಲುಗಾರರು ಪುಸ್ತಕ ತೆಗೆದು ಎಷ್ಟು ಜನ ಎಂದು ಕೇಳಿದರು. ಮೂರು ಎಂದೆ. ಅವರು ಮೂವರು ಸ್ನೇಹಿತರು ಸಂತೋಷದಿಂದ ಒಳಗೆ ಹೋದರು ಎಂದು ಬರೆದುಕೊಂಡರು. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಅರ್ಧ ವಾಕ್ಯ ಸಿಕ್ಕರೆ ಉಳಿದರ್ಧವನ್ನು ಕೈಯಿಂದ ಹಾಕಿ ಪೂರ್ತಿ ಮಾಡುವುದು ಅವರ ಪದ್ಧತಿ. ಕೆಟ್ಟದ್ದನ್ನು ಬರೆಯಬೇಕೆಂಬ ಮನಸ್ಸು ಅವರಿಗಿಲ್ಲ.

ಒಳಗಿನ ಸುತ್ತುರಸ್ತೆ 26 ಕಿಲೋಮೀಟರ್. ಅಗಲ ಮೂರೂವರೆ ಮೀಟರ್. ಎಡಕ್ಕೆ ಹುಲ್ಲಿನ ಇಳಿಜಾರು, ಅದರಾಚೆ ಕೆರೆ; ಬಲಕ್ಕೆ ಸಾಲಾಗಿ ಎತ್ತರದ ಮರ, ನಡುವೆ ಹಳೆಯ ಕಲ್ಲಿನ ಗೋಡೆ. ಆ ರಸ್ತೆಯಲ್ಲಿ ಸೈಕಲ್ ತುಳಿಯುವವನಿಗೆ ತನ್ನ ಸರಪಳಿಯ ಸದ್ದೇ ದೊಡ್ಡ ಸದ್ದು. ಗೇಟಿನ ಬಳಿಯ ಫಲಕದಲ್ಲಿ ಇದು ಶಾಂತ ರಸ್ತೆ, ವೇಗ 20, ಹಾರ್ನ್ ಹೊಡೆಯಬಾರದು ಎಂದಿದೆ. ಮೊದಲ ಹತ್ತು ಕಿಲೋಮೀಟರು ಯಾರೂ ಮಾತಾಡಲಿಲ್ಲ. ಡಾಕ್ಟರು ಮಾತ್ರ ಒಂದು ಕಡೆ, ಮೇಷ್ಟ್ರು ಅರ್ಧ ಗಂಟೆ ಬಾಯಿ ಮುಚ್ಚಿದ್ದಾರೆ, ಇದಕ್ಕೂ ಪುಸ್ತಕದಲ್ಲಿ ಒಂದು ಸಾಲು ಬರೆಸಬೇಕಿತ್ತು ಎಂದು ಬಾಮೈದನಿಗೆ ಹೇಳಿದರು.

7.35ಕ್ಕೆ, 14ನೇ ಕಿಲೋಮೀಟರಿನ ಇಳುಕಲಿನಲ್ಲಿ, ಹಿಂದಿನಿಂದ ಪಿಕಪ್ ಗಾಡಿ ಬಂದು ಹಾರ್ನ್ ಹೊಡೆಯಿತು. ಡಾಕ್ಟರೂ ಬಾಮೈದನೂ ಎಡಕ್ಕೆ ಸರಿದರು. ನಾನು ಸರಿಯಲಿಲ್ಲ. ಇದು ನನ್ನ ಮೊದಲ ಹೇಳಿಕೆಯಲ್ಲಿಲ್ಲ. ಸುಮಾರು 200 ಮೀಟರು ರಸ್ತೆಯ ನಡುವೆಯೇ, ಬೇಕೆಂದೇ, ಆರಾಮಾಗಿ ತುಳಿದೆ. ಅವನು ಒಟ್ಟು ಆರು ಸಲ ಹಾರ್ನ್ ಹೊಡೆದ. ಮುಂದೆ ಸಿಕ್ಕ ಕಿರುಸೇತುವೆ ದಾಟಿದ ಮೇಲೆ ಜಾಗ ಮಾಡಿಕೊಂಡು ಮುಂದೆ ಹೋದ. ಹೋಗುವಾಗ ಗಾಡಿಯ ಕನ್ನಡಿ ಡಾಕ್ಟರ ಮೊಣಕೈಗೆ ತಾಗಿತು. ಚರ್ಮ ಕೆಂಪಾಯಿತು, ರಕ್ತ ಬರಲಿಲ್ಲ.

7.46ಕ್ಕೆ ಕೆರೆ ಕಾಣುವ ತಿರುವಿನ ನಿಲುಗಡೆಯಲ್ಲಿ ಆ ಗಾಡಿ ನಿಂತಿತ್ತು. ಉದ್ಯಾನಕ್ಕೇ ಬೇಕಾದ ಸಸಿಗಳನ್ನು ಚಾಲಕ ಇಳಿಸುತ್ತಿದ್ದ. ವಯಸ್ಸು ಮೂವತ್ತಾರರ ಆಸುಪಾಸು, ಗಟ್ಟಿ ಮೈಕಟ್ಟು, ಮೊಣಕೈವರೆಗೆ ಮಣ್ಣು. ನೋಟ ನೋಡಲು ಬಂದ ಎರಡು ಸಂಸಾರಗಳು ಕಟ್ಟೆಯ ಮೇಲೆ ಕೂತಿದ್ದವು. ನಾನು ಸೈಕಲ್ ನಿಲ್ಲಿಸಿ, ಹಾರ್ನ್ ಹೊಡೆಯಬಾರದು ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದಾರಲ್ಲಪ್ಪ, ನಿನಗೆ ಓದಕ್ಕೆ ಬರಲ್ವೋ, ಬರೀ ಹೊಡೆಯಕ್ಕೆ ಮಾತ್ರ ಬರತ್ತೋ ಎಂದು ಕೇಳಿದೆ.

ಅವನು ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟ. ಕಟ್ಟೆಯ ಮೇಲಿನವರು ನಕ್ಕರು. ನಕ್ಕವರನ್ನು ಕಂಡರೆ ನನಗೆ ನಿಲ್ಲಿಸಲು ಬರುವುದಿಲ್ಲ, ಇದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ನಾಳೆಯಿಂದ ನನ್ನ ಕ್ಲಾಸಿಗೆ ಬಾ, ಹ ಕಾರಕ್ಕೆ ದೀರ್ಘ ಕೊಟ್ಟರೆ ಹಾ, ಹಾ ಅಂದರೆ ಹಾರ್ನು, ಅಲ್ಲಿಂದಲೇ ಶುರು ಮಾಡೋಣ, ಮುಂದಿನ ಬೆಂಚಿನಲ್ಲೇ ಕೂರಿಸ್ತೀನಿ ಎಂದೆ. ಬಾಮೈದನೂ ನಕ್ಕ. ಡಾಕ್ಟರು ನಗಲಿಲ್ಲ. ಮೇಷ್ಟ್ರೇ, ಇದು ಬೇಕಿತ್ತಾ, ನಡೀರಿ ಎಂದರು. ಚಾಲಕ ಆಗ ಮೊದಲ ಸಲ ನನ್ನ ಮುಖ ನೋಡಿ, ಬರ್ತೀನಿ ಮೇಷ್ಟ್ರೆ, ಕ್ಲಾಸಿಗೆ ಬರ್ತೀನಿ ಎಂದ. ಧ್ವನಿ ಏರಿಸಲಿಲ್ಲ. ಅವನ ಎರಡೂ ಕಿವಿ ಕೆಂಪಾಗಿದ್ದವು. 7.52ಕ್ಕೆ ನಾವು ಹೊರಟೆವು.

8.03ಕ್ಕೆ, 17ನೇ ಕಿಲೋಮೀಟರ್ ಕಲ್ಲಿನ ಹತ್ತಿರ, ಡಾಕ್ಟರ ಹಿಂದಿನ ಚಕ್ರದ ಗಾಳಿ ಹೋಯಿತು. ಸೈಕಲ್ಲನ್ನು ರಸ್ತೆಯಿಂದ ಒಂದು ಮೀಟರ್ ಆಚೆ ಹುಲ್ಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಬಾಮೈದ ಟ್ಯೂಬ್ ಬಿಚ್ಚಿದ. ತೂತು ಎಲ್ಲಿದೆ ಎಂದು ಕಣ್ಣಿಗೆ ಕಾಣಲಿಲ್ಲ. ನೀರಿನಲ್ಲಿ ಅದ್ದಿದರೆ ಗುಳ್ಳೆ ಬರುವ ಕಡೆ ಗೊತ್ತಾಗುತ್ತದೆಂದು ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ಇಳಿಜಾರಿನ ಕೆಳಗೆ 40 ಮೀಟರು ದೂರದ ತೊರೆಗೆ ಹೋದ. ಹೋಗುವ ಮುಂಚೆ, ಭಾವ, ಪಂಪ್ ಹಿಡ್ಕೊಂಡಿರಿ, ಹುಲ್ಲಲ್ಲಿ ಇಟ್ಟರೆ ಬಾಯೊಳಗೆ ಮಣ್ಣು ಹೋಗತ್ತೆ ಎಂದು ನನ್ನ ಕೈಗೆ ಕೊಟ್ಟ. ಪಂಪು ನನ್ನ ಬಲಗೈಯಲ್ಲಿತ್ತು. ಇದೂ ಮೊದಲ ಹೇಳಿಕೆಯಲ್ಲಿಲ್ಲ.

8.12ಕ್ಕೆ ಪಿಕಪ್ ಬಂತು. ಈ ಸಲ ಹಾರ್ನ್ ಹೊಡೆಯಲಿಲ್ಲ. ನನಗೆ ಕೇಳಿಸಿದ್ದು ಹುಲ್ಲಿನ ಮೇಲೆ ಚಕ್ರ ಹರಿದ ಸದ್ದು. ಗಾಡಿಯ ಎಡಮೂಲೆ ಡಾಕ್ಟರ ಸೈಕಲ್ಲಿಗೆ ಬಡಿದು ಅದನ್ನು ಒಂಬತ್ತು ಮೀಟರು ಎಸೆಯಿತು. ನನ್ನ ಸೈಕಲ್ಲನ್ನು ಕೆಳಗೆ ಸಿಕ್ಕಿಸಿಕೊಂಡು ಹದಿನಾಲ್ಕು ಮೀಟರು ಎಳೆದುಕೊಂಡು ಹೋಯಿತು. ಡಾಕ್ಟರು ಪಕ್ಕಕ್ಕೆ ಉರುಳಿ ಉಳಿದುಕೊಂಡರು. ಚಾಲಕ ಚಕ್ರ ಬಿಚ್ಚುವ ಪಾನಾ ಹಿಡಿದು ಇಳಿದು ನೇರ ನನ್ನ ಕಡೆ ನಡೆದುಬಂದ. ಓಡಲಿಲ್ಲ. ಕ್ಲಾಸಿಗೆ ಬಂದಿದೀನಿ ಮೇಷ್ಟ್ರೆ, ಹಾಜರಿ ಹಾಕ್ಕೊಳಿ ಎಂದ.

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ನೆನಪಿಲ್ಲ. ಅವನು ಎಡಗೈ ಮುಷ್ಟಿಯಿಂದ ಗುದ್ದಿದ. ಮುಂದಿನ ಎರಡು ಹಲ್ಲು ಮುರಿದು ಒಂದು ನಾಲಿಗೆಯ ಮೇಲೆ ಬಿತ್ತು. ಮಂಡಿಯೂರಿದೆ. ಅವನು ಪಾನಾ ಎತ್ತಿದಾಗ ಡಾಕ್ಟರು ಅಡ್ಡ ಬಂದು, ಬಿಡಪ್ಪ, ತಪ್ಪಾಯ್ತು, ಆತನಿಗೆ ಬಾಯಿ ಜಾಸ್ತಿ, ಮನಸ್ಸಿಗೆ ಹಚ್ಕೋಬೇಡ ಎಂದರು. ಪಾನಾ ಇಳಿಯುತ್ತಲೇ ಇತ್ತು. ಅದು ಅವರ ಎಡಹೆಗಲಿನ ಕಾಲರ್ ಮೂಳೆಗೆ ಬಿತ್ತು. ಒಣಗಿದ ಕೊಂಬೆ ಮಂಡಿಗೆ ಕೊಟ್ಟು ಮುರಿದಂಥ ಸದ್ದು. ಅವರು ಬಿದ್ದು, ತಲೆ ಕಿಲೋಮೀಟರ್ ಕಲ್ಲಿಗೆ ತಗುಲಿ, ಎಚ್ಚರ ತಪ್ಪಿದರು. ಆಮೇಲಿನದನ್ನು ಅವರು ನೋಡಿಲ್ಲ, ಕೇಳಿಲ್ಲ.

ಈ ಹೊತ್ತಿನಲ್ಲೆಲ್ಲ ಪಂಪು ನನ್ನ ಕೈಯಲ್ಲೇ ಇತ್ತು. ನನ್ನನ್ನು ಗುದ್ದುವಾಗ ಎತ್ತಲಿಲ್ಲ, ಡಾಕ್ಟರು ಬೀಳುವಾಗ ಎತ್ತಲಿಲ್ಲ. ಆಗ ಎತ್ತಿದ್ದರೆ ಅದಕ್ಕೆ ಕಾನೂನಿನಲ್ಲಿ ಆತ್ಮರಕ್ಷಣೆ ಎಂಬ ಒಳ್ಳೆಯ ಹೆಸರಿದೆ ಎಂದು ತಿಳಿದಿದ್ದೇನೆ. ಭಯಕ್ಕೆ ಕೈಯಾಡಲಿಲ್ಲ.

ಬಾಮೈದ ಇಳಿಜಾರನ್ನು ಓಡಿ ಹತ್ತಿ ಬಂದ. ಕೈಯಲ್ಲಿ ಒದ್ದೆ ಟ್ಯೂಬು ಬಿಟ್ಟರೆ ಬೇರೇನೂ ಇರಲಿಲ್ಲ. ಅದರಿಂದಲೇ ಚಾಲಕನ ಮುಖಕ್ಕೆ ಬೀಸಿ, ಅವನು ಕಣ್ಣು ಮುಚ್ಚಿದಾಗ ಪಾನಾ ಹಿಡಿದ ಕೈಯನ್ನು ತಿರುಚಿದ. ಪಾನಾ ಬಿತ್ತು. ಇಬ್ಬರೂ ಉರುಳಾಡಿದರು. ಚಾಲಕ ಅವನ ಬಲಗಿವಿಯ ತುದಿಯನ್ನು ಕಚ್ಚಿ ತುಂಡು ಮಾಡಿದ. ಬಾಮೈದ ಅವನ ಮುಖಕ್ಕೆ ನಾಲ್ಕು ಗುದ್ದು ಗುದ್ದಿದ; ನಾನು ಎಣಿಸಿದ್ದೇನೆ. ಮೂಗು ಒಡೆಯಿತು. ಕೊನೆಗೆ ಅವನನ್ನು ಬೆನ್ನ ಮೇಲೆ ಕೆಡವಿ, ಎದೆಯ ಮೇಲೆ ಕೂತು, ಎರಡೂ ಕೈಗಳನ್ನು ಮಂಡಿಯ ಕೆಳಗೆ ಒತ್ತಿ ಹಿಡಿದ. ಆಗ 8.18.

ಚಾಲಕ ಒದ್ದಾಡುವುದನ್ನು ನಿಲ್ಲಿಸಿದ. ಆಯ್ತು, ಬಿಡಣ್ಣ, ಆಯ್ತು ಎಂದ. ಬಾಮೈದ ಏದುಸಿರಿನಲ್ಲಿ, ಭಾವ, ಟ್ಯೂಬ್ ಕೊಡಿ, ಕೈ ಕಟ್ಟೋಣ ಎಂದ. ಟ್ಯೂಬು ನನ್ನಿಂದ ಎರಡು ಹೆಜ್ಜೆ ದೂರ ಬಿದ್ದಿತ್ತು. ನಾನು ಎದ್ದೆ. ಚಾಲಕ ತಲೆ ತಿರುಗಿಸಿ ನನ್ನನ್ನು ನೋಡಿದ. ಮೇಷ್ಟ್ರೆ, ನೀವಾದರೂ ಹೇಳಿ ಇವರಿಗೆ, ಬಿಡಕ್ಕೆ ಹೇಳಿ ಎಂದ.

ನನ್ನನ್ನು ಒಂದು ಮಾತು ಹೇಳಿ ಎಂದು ಕೇಳಿದ್ದ. ಮೂವತ್ತು ವರ್ಷ ಮಾತಿಗೆ ಮಾತು ಕೊಟ್ಟವನ ಬಾಯಲ್ಲಿ ಆಗ ರಕ್ತವೂ ಒಂದು ತುಂಡು ಹಲ್ಲೂ ಇದ್ದವು. ಟ್ಯೂಬಿನ ಕಡೆ ಹೋಗುವ ಬದಲು ಮೂರು ಹೆಜ್ಜೆ ಅವನ ಕಡೆ ಹೋದೆ. ಪಂಪನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬಲಗಡೆಯ ಕಪಾಲಕ್ಕೆ ಹೊಡೆದೆ. ಅವನ ಕಾಲು ಎರಡು ಸಲ ಎಗರಿತು. ಅದೇ ಜಾಗಕ್ಕೆ ಇನ್ನೊಂದು ಹೊಡೆದೆ. ಕಾಲು ಎಗರಲಿಲ್ಲ. ಮೊದಲನೆಯದು ಕೋಪದಲ್ಲಿ ಆದದ್ದು ಎಂದು ವಕೀಲರು ಹೇಳಬಹುದು. ಎರಡನೆಯದಕ್ಕೆ ಮೊದಲು ಪಂಪನ್ನು ಹಿಡಿಯ ಕಡೆ ಸರಿಯಾಗಿ ತಿರುಗಿಸಿ ಹಿಡಿದುಕೊಂಡೆ, ಆದ್ದರಿಂದ ಕೋಪ ಎಂದು ನಾನು ಹೇಳಲಾರೆ.

ಬಾಮೈದನ ಮುಖಕ್ಕೆ, ಅಂಗಿಗೆ ರಕ್ತ ಸಿಡಿಯಿತು. ಅವನು ಭಾವ ಎಂದು ಕಿರುಚಿ ಎದ್ದು, ಕೊಡಿ ಇಲ್ಲಿ, ಕೊಡ್ರೀ ಇಲ್ಲಿ ಎಂದು ಪಂಪನ್ನು ನನ್ನ ಕೈಯಿಂದ ಕಿತ್ತುಕೊಂಡ. ಆಮೇಲೆ ತನ್ನ ಅಂಗಿ ಬಿಚ್ಚಿ ಚಾಲಕನ ತಲೆಗೆ ಒತ್ತಿ ಹಿಡಿದು, ಅಣ್ಣ, ಕಣ್ಣು ಬಿಡಣ್ಣ, ಕಣ್ಣು ಬಿಡು ಎಂದು ಹನ್ನೆರಡು ನಿಮಿಷ ಹೇಳುತ್ತಿದ್ದ. ಆಂಬುಲೆನ್ಸಿಗೆ ಫೋನು ಮಾಡಿದವನೂ ಅವನೇ. ನಾನು ಕಿಲೋಮೀಟರ್ ಕಲ್ಲಿನ ಮೇಲೆ ಕೂತಿದ್ದೆ.

8.31ಕ್ಕೆ ಕಾವಲುಗಾರರು ಮೋಪೆಡ್ಡಿನಲ್ಲಿ ಬಂದರು. ಬಾಮೈದನ ಒಂದು ಕೈಯಲ್ಲಿ ರಕ್ತದ ಅಂಗಿ, ಪಕ್ಕದಲ್ಲಿ ರಕ್ತದ ಪಂಪು. ಕಾವಲುಗಾರರು ಅಯ್ಯೋ ದೇವರೇ, ಯಾರು ಹೊಡೆದದ್ದು ಎಂದು ಕೇಳಿದರು. ನನ್ನ ಎದುರಿಗೆ ಬಾಮೈದ ಇದ್ದ, ನನ್ನ ಕಣ್ಣು ಅವನ ಮೇಲಿತ್ತು. ನಾನು ಎರಡು ಸಲ ಹೊಡೆದೆ ಎಂದೆ. ತಪ್ಪು, ಇದನ್ನೇ ತಿದ್ದಬೇಕು. ನಾನು ಎಂಬ ಪದ ನನ್ನ ಬಾಯಿಂದ ಬರಲಿಲ್ಲ. ಬಂದದ್ದು ಇಷ್ಟೇ: ಎರಡು ಸಲ ಹೊಡೆದೆ.

ನಮ್ಮ ಮಾತಿನಲ್ಲಿ ನಾನು ಹೊಡೆದರೂ ಹೊಡೆದೆ, ನೀನು ಹೊಡೆದರೂ ಹೊಡೆದೆ. ಕರ್ತೃವನ್ನು ಬಿಟ್ಟು ಹೇಳಿದರೆ ಕೇಳಿದವರು ಯಾರನ್ನು ಬೇಕಾದರೂ ಅಲ್ಲಿ ಕೂರಿಸಬಹುದು. ಕಾವಲುಗಾರರು ನನ್ನ ಕಣ್ಣು ಹೋದ ಕಡೆ ನೋಡಿದರು. ಪುಸ್ತಕದಲ್ಲಿ, ಮೇಷ್ಟ್ರು ತಮ್ಮ ಬಾಮೈದನನ್ನು ನೋಡಿ ನೀನು ಎರಡು ಸಲ ಹೊಡೆದೆ ಎಂದು ನೊಂದು ನುಡಿದರು ಎಂದು ಬರೆದರು. ನೊಂದು ಎಂಬುದೂ ಅವರದೇ. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಬಾಮೈದ ನನ್ನ ಮುಖ ನೋಡಿದ. ನಾಲ್ಕೈದು ಸೆಕೆಂಡು ಇರಬಹುದು. ನಾನು ತಿದ್ದಲಿಲ್ಲ. ಅವನು ಕಾವಲುಗಾರರ ಕಡೆ ತಿರುಗಿ, ಹೌದು, ಹೊಡೆದೆ ಎಂದು ಹೇಳಿ ರುಜು ಹಾಕಿದ.

ಅದೇ ದಿನ 11.10ಕ್ಕೆ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು ನನಗೆ ಆ ಸಾಲನ್ನು ಓದಿ ಹೇಳಿ ಸರಿಯೇ ಎಂದು ಕೇಳಿದರು. ತುಟಿಗೆ ಐದು ಹೊಲಿಗೆ ಬಿದ್ದಿತ್ತು. ತಲೆಯಾಡಿಸಿದೆ. ನನ್ನ ಮೊದಲ ಹೇಳಿಕೆ ಎಂಬುದು ಆ ತಲೆಯಾಟವೇ.

10ನೇ ತಾರೀಕು ಸೋಮವಾರ ಡಾಕ್ಟರಿಗೆ ಎಚ್ಚರವಾಯಿತು. ಸಂಜೆ 4ಕ್ಕೆ ಅವರನ್ನು ನೋಡಲು ಹೋದೆ. ಕತ್ತಿನಿಂದ ಹೊಟ್ಟೆವರೆಗೆ ಪಟ್ಟಿ ಕಟ್ಟಿದ್ದರೂ ನನ್ನ ಬಾಯಿ ತೆರೆಸಿ ನೋಡಿ, ಮೇಷ್ಟ್ರೇ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳೋ ತ ಥ ದ ಧ ನ ಐದೂ ಹೋಯಿತು, ಇನ್ನು ನೀವು ನಾನು ಅನ್ನಬೇಕಾದರೆ ನನ್ನ ಹತ್ತಿರ ಹಲ್ಲು ಕಟ್ಟಿಸಿಕೊಂಡೇ ಅನ್ನಬೇಕು ಎಂದು ನಕ್ಕು, ನಗಲಾರದೆ ಅತ್ತರು. ಅದನ್ನೇ ಹಿಡಿದುಕೊಂಡು ಎರಡು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಆ ಹೊತ್ತಿನಲ್ಲಿ ನಾನು ಎಂಬುದು ಹಲ್ಲಿಲ್ಲದ್ದರಿಂದ ಬರಲಿಲ್ಲ ಎಂದು. ಆದರೆ ಹೊಡೆದೆ ಎಂಬುದರಲ್ಲೂ ಒಂದು ದಕಾರವಿದೆ. ಅದು ಸಲೀಸಾಗಿ ಬಂದಿತ್ತು.

11ನೇ ತಾರೀಕು ಮಂಗಳವಾರ ಮಧ್ಯಾಹ್ನ 3.40ಕ್ಕೆ ಹೊಲಿಗೆ ತೋರಿಸಲು ಹೋಗಿ ಆಸ್ಪತ್ರೆಯ ಮೊದಲ ಮಹಡಿಯ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಂದು ಕಾಗದ ಮುಂದೆ ಹಿಡಿದು, ಸಾರ್, ಇದರಲ್ಲಿ ಏನಿದೆ ಓದಿ ಹೇಳ್ತೀರಾ, ನಮ್ಮನೆಯವರ ತಲೆ ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತಬೇಕಂತೆ ಎಂದರು. ಗಂಡ ಯಾರೆಂದು ಕೇಳಿದೆ. ಸಸಿ ಗಾಡಿ ಓಡಿಸೋರು ಎಂದರು. ನಮ್ಮಿಬ್ಬರಿಗೂ ಅಕ್ಷರ ಬರಲ್ಲ ಸಾರ್, ಅವರಿಗೆ ಅದೊಂದು ದೊಡ್ಡ ಸಂಕಟ, ಗಾಡಿ ಮೇಲಿನ ಬರಹ ನೋಡಿ ಯಾರಾದರೂ ಏನಾದರೂ ಕೇಳಿದರೆ ಮೂರು ದಿನ ಊಟ ಬಿಡೋರು ಎಂದರು.

ಕಾಗದದಲ್ಲಿ ಹದಿನಾಲ್ಕು ಸಾಲಿತ್ತು. ಹದಿನಾಲ್ಕನ್ನೂ ಓದಿ ಹೇಳಿದೆ. ಹಲ್ಲಿಲ್ಲದ್ದರಿಂದ ಎರಡೆರಡು ಸಲ ಹೇಳಬೇಕಾಯಿತು. ಪ್ರಾಣಾಪಾಯ ಎಂಬ ಪದದ ಅರ್ಥ ಕೇಳಿದರು, ಹೇಳಿದೆ. ಅವರು ಹೆಬ್ಬೆಟ್ಟು ಒತ್ತುವಾಗ ಶಾಯಿಯ ಡಬ್ಬಿ ಹಿಡಿದುಕೊಂಡಿದ್ದೆ. ನಿಮ್ಮ ಬಾಯಿಗೆ ಏನಾಯ್ತು ಸಾರ್ ಎಂದು ಕೇಳಿದರು. ಸೈಕಲ್ಲಿನಿಂದ ಬಿದ್ದೆ ಎಂದೆ. ವಯಸ್ಸಾದ ಮೇಲೆ ನಿಧಾನ ಓಡಾಡಬೇಕು ಸಾರ್, ಮನೇಲಿ ಕಾಯ್ತಿರ್ತಾರೆ ಎಂದರು. ಮರುದಿನ ಬೆಳಿಗ್ಗೆ 11.20ಕ್ಕೆ ಅವರ ಗಂಡ ತೀರಿಕೊಂಡರು. ಈ ಹೇಳಿಕೆಯಲ್ಲಿ ಇಲ್ಲಿಯವರೆಗೆ ಅವನು ಎಂದು ಬರೆಸಿರುವುದನ್ನು ತಿದ್ದುವುದು ಬೇಡ. ನಾನು ಅವರನ್ನು ಹಾಗೆಯೇ ಕಂಡಿದ್ದೆ, ಅದೂ ದಾಖಲೆಯಲ್ಲಿರಲಿ.

ಬುಧವಾರ ಸಂಜೆ 6ಕ್ಕೆ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ತಮ್ಮ ಕೋಪದವನು, ಹೌದು, ಎದುರು ನಿಂತವನಿಗೆ ನಾಲ್ಕು ಬಿಗಿಯೋನು, ಹೌದು, ಆದರೆ ಬಿದ್ದವನಿಗೆ ಕೈ ಎತ್ತಿದ್ದನ್ನ ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ನೀವು ಅಲ್ಲೇ ಇದ್ದಿರಲ್ಲ, ಹೇಳಿ, ಒಂದೇ ಸಲ ಕೇಳ್ತೀನಿ ಎಂದಳು. ಹೊಲಿಗೆ ನೋಯ್ತಿದೆ ಎಂದೆ. ಅವಳು ಹೇಳಿದಂತೆ ಮತ್ತೆ ಕೇಳಲಿಲ್ಲ. ಊಟಕ್ಕೆ ನನ್ನ ತಟ್ಟೆ ಇಟ್ಟಳು, ಅವಳ ತಟ್ಟೆ ಇಟ್ಟುಕೊಳ್ಳಲಿಲ್ಲ.

13ನೇ ತಾರೀಕು ಗುರುವಾರ ಬೆಳಿಗ್ಗೆ 10.15ರಿಂದ 10.22ರವರೆಗೆ ಇದೇ ಠಾಣೆಯ ಲಾಕಪ್ಪಿನ ಕಂಬಿಯ ಆಚೆ ಬಾಮೈದನನ್ನು ಕಂಡೆ. ಕಿವಿಗೆ ಹತ್ತಿ ಕಟ್ಟಿತ್ತು. ನಾಳೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳ್ತೀನಿ ಎಂದೆ. ಅವನು ಸುತ್ತ ನೋಡಿ ಸಣ್ಣ ದನಿಯಲ್ಲಿ, ಭಾವ, ಸುಮ್ಮನೆ ಹೋಗಿ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡಿ, ಇಲ್ಲಿಗೆ ತರಬೇಡಿ ಎಂದ. ಪಂಪ್ ನಂದು, ಗುದ್ದಿದ್ದು ನಾನು, ರಕ್ತ ನನ್ನ ಅಂಗಿ ಮೇಲೆ, ನಿಮಗೆ ಸೊಳ್ಳೆ ಹೊಡೆಯಕ್ಕೂ ಬರಲ್ಲ ಅಂತ ಊರಿಗೆಲ್ಲ ಗೊತ್ತು, ಯಾವ ಇನ್ಸ್‌ಪೆಕ್ಟರ್ ನಂಬ್ತಾರೆ ಎಂದ. ನಿನಗೇನು ಹುಚ್ಚೇನೋ ಎಂದೆ. ಅಕ್ಕನಿಗೆ ತಮ್ಮಂದಿರು ಮೂರು ಜನ ಇದೀವಿ, ಗಂಡ ಇರೋದು ಒಬ್ಬನೇ, ಸ್ಟಾಕ್ ನೋಡಿಕೊಂಡು ಕೆಲಸ ಮಾಡಬೇಕು ಭಾವ ಎಂದ. ಇಷ್ಟು ಹೇಳಿ ನಗಲು ನೋಡಿದ. ಆಮೇಲೆ, ಅವನು ಆಯ್ತು ಅಂದಿದ್ದ ಭಾವ, ನೀವು ಕೇಳಿಸಿಕೊಂಡಿರಾ, ಆಯ್ತು ಅಂದಿದ್ದ ಎಂದು ಕೇಳಿದ. ಕೇಳಿಸಿತ್ತು ಎಂದೆ. ಅವನು ಗೋಡೆಯ ಕಡೆ ತಿರುಗಿ ಕೂತ. ಪೇದೆಯವರು ಸಮಯವಾಯಿತು ಎಂದರು.

ಈ ದಿನ ಬೆಳಿಗ್ಗೆ 9.05ಕ್ಕೆ ಠಾಣೆಗೆ ಬಂದು ಮೇಲಿನದನ್ನೆಲ್ಲ ಹೇಳಿದ್ದೇನೆ. ಇನ್ಸ್‌ಪೆಕ್ಟರು ಎರಡು ಸಲ, ಬಾಮೈದನನ್ನು ಉಳಿಸಲು ಹೇಳುತ್ತಿದ್ದೀರಾ ಎಂದು ಕೇಳಿದರು. ಪಂಪಿನ ಹಿಡಿಯ ಬೆಸುಗೆಯಲ್ಲಿ ಒಂದು ಚೂಪು ತುದಿ ಇದೆ, ಬಲಕ್ಕೆ ತಿರುಗಿಸಿ ಬಿಗಿಯಾಗಿ ಹಿಡಿದರೆ ಅಂಗೈ ಸೀಳುತ್ತದೆ ಎಂದು ಹೇಳಿ ನನ್ನ ಬಲ ಅಂಗೈ ತೋರಿಸಿದೆ. ಅವರು ಅಳತೆಪಟ್ಟಿ ತರಿಸಿ ಗಾಯ ಅಳೆದರು. ಎರಡೂಕಾಲು ಸೆಂಟಿಮೀಟರ್. ಬಾಮೈದನ ಅಂಗೈಗಳನ್ನೂ ಹೋಗಿ ನೋಡಿ ಬಂದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಬರೆದುಕೊಂಡ ಪೇದೆಯವರು ಎಲ್ಲವನ್ನೂ ನನಗೆ ಓದಿ ಹೇಳಿದರು. ಕಪಾಲಕ್ಕೆ ಹೊಡೆದೆ ಎಂಬ ಸಾಲಿಗೆ ಬಂದಾಗ ನಿಲ್ಲಿಸಲು ಕೇಳಿ, ಹೊಡೆದೆನು ಎಂದು ಮಾಡಿ ಎಂದೆ. ಮೇಲೆ ನಾನು ಅಂತ ಇದೆಯಲ್ಲ ಸಾರ್, ಸಾಲದೇ, ಅದು ಹಳೇ ಪುಸ್ತಕದ ಮಾತು, ಈಗ ಯಾರು ಹಾಗಂತಾರೆ ಎಂದರು. ಯಾರೂ ಅನ್ನುವುದಿಲ್ಲ, ಆದರೆ ಬರೀ ಹೊಡೆದೆ ಎಂದು ಬಿಟ್ಟರೆ ಒಳಗೆ ಕೂತಿರುವವನು ಇನ್ನೊಂದು ಸಲ ಅದನ್ನು ತನ್ನದು ಮಾಡಿಕೊಳ್ಳುತ್ತಾನೆ, ನು ಹಾಕಿದರೆ ಅದು ಒಬ್ಬನಿಗೇ ಸಲ್ಲುತ್ತದೆ ಎಂದು ಹೇಳಿದೆ. ಪೇದೆಯವರು ಎರಡು ಕಡೆಯೂ ಸಾಲಿನ ಮೇಲೆ ನು ಎಂದು ಸೇರಿಸಿದರು. ಎರಡರ ಪಕ್ಕದಲ್ಲೂ ಚಿಕ್ಕ ರುಜು ಹಾಕಿದ್ದೇನೆ.

ಕಾವಲುಗಾರರ ಪುಸ್ತಕದ ಆ ದಿನದ ಸಾಲನ್ನು ಹೀಗೆ ಓದಿಕೊಳ್ಳಬೇಕೆಂದು ಕೋರುತ್ತೇನೆ: ನಾನು ಎರಡು ಸಲ ಹೊಡೆದೆನು. ಬಿದ್ದವರನ್ನು ಹೊಡೆದೆನು. ಅವರು ಮಾತಾಡುತ್ತಿದ್ದಾಗ ಹೊಡೆದೆನು.

ಇದರಲ್ಲಿ ನನ್ನದಲ್ಲದ ಮಾತು ಒಂದೂ ಇಲ್ಲ, ಬಿಟ್ಟ ಮಾತೂ ಇಲ್ಲ. ಓದಿಸಿ ಕೇಳಿದೆನು. ನಿಜವೆಂದು ಒಪ್ಪಿ ಕೆಳಗೆ ರುಜು ಮಾಡಿದೆನು.

ಸ್ಥಳ: ಠಾಣೆಯ ಮುಂಗೋಣೆ, ಬರಹದ ಮೇಜು
ದಿನಾಂಕ: ಈ ತಿಂಗಳ 14, ಶುಕ್ರವಾರ, ಬೆಳಿಗ್ಗೆ 11.47
ರುಜು: (ವ್ಯಾಕರಣದ ಮೇಷ್ಟ್ರು)